ಹಾಳು ಹಂಪಿನ ಚರಿತ್ರೆ

ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರ್ ಮುಂದೆ ಕೂತಿದ್ದೆ. ಗೇಟಿನ ಚಿಲಕ ಸದ್ದಾಯಿತು. ಹೋಗಿ ನೋಡಿದರೆ ನಮ್ಮ ಕ್ರಾಸಿನ ಮೂರ್ನಾಲ್ಕು ಜನ. ಒಬ್ಬರ ಕೈಯಲ್ಲಿ ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆ, ಹಾಳೆಯಲ್ಲಿ ಆಗಲೇ ಹದಿನೆಂಟು ಸಹಿ.

"ಸಾರ್, ನಿಮ್ಮದೂ ಒಂದು ಹಾಕಿಬಿಡಿ. ನಮ್ಮ ರೋಡಿಗೆ ಹಂಪ್ ಹಾಕಿಸೋಣ ಅಂತ" ಅಂದರು.

ಕಾರಣ ನನಗೂ ಗೊತ್ತಿತ್ತು. ಹೋದ ತಿಂಗಳು ಮೂಲೆ ಮನೆಯ ಹುಡುಗ ಸ್ಕೂಲ್ ವ್ಯಾನಿನಿಂದ ಇಳಿದು ರಸ್ತೆ ದಾಟುವಾಗ ಒಂದು ಬೈಕು ಬಂದು ಗುದ್ದಿತ್ತು. ಮೊಣಕೈ ಮುರಿಯಿತು. ಪುಣ್ಯಕ್ಕೆ ಅಷ್ಟೇ. ಓಲ್ಡ್ ಮದ್ರಾಸ್ ರೋಡಿನಿಂದ ಸಿಎಂಎಚ್ ರೋಡಿಗೆ ಹೋಗುವವರಿಗೆಲ್ಲ ನಮ್ಮ ಬೀದಿ ಈಗ ಒಳದಾರಿ. ಮೊಬೈಲಿನ ಮ್ಯಾಪು ಒಂದು ನಿಮಿಷ ಉಳಿಯುತ್ತದೆ ಅಂತ ತೋರಿಸಿದರೆ ಸಾಕು, ಅವರು ಎರಡು ನಿಮಿಷ ಉಳಿಸುವ ಹಾಗೆ ಓಡಿಸುತ್ತಾರೆ.

ಪೆನ್ನು ತೆಗೆದುಕೊಂಡೆ. ಆದರೆ ಸಹಿ ಹಾಕಲಿಲ್ಲ. "ಹಾಳೆ ಇಲ್ಲೇ ಇರಲಿ, ಸಂಜೆ ಕೊಡ್ತೀನಿ" ಅಂದೆ. ಅವರ ಮುಖ ಸ್ವಲ್ಪ ಸಣ್ಣಗಾಯಿತು. ಒಂದು ಸಹಿಗೆ ಇಷ್ಟೊಂದು ಯೋಚನೆಯಾ ಅನ್ನಿಸಿರಬೇಕು. ಯಾಕೆ ಯೋಚಿಸಿದೆ ಅಂತ ಅವರಿಗೆ ಬಾಗಿಲಲ್ಲೇ ನಿಂತು ಹೇಳೋಕೆ ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಹಾಳು ಹಂಪೆ ನೋಡಬೇಕಾದರೆ ಹೊಸಪೇಟೆಗೆ ಹೋಗಬೇಕು, ಹಾಳು ಹಂಪು ನೋಡೋಕೆ ಇಂದಿರಾನಗರಕ್ಕೆ ಬಂದರೆ ಸಾಕು ಅಂತ ನಾವು ಹುಡುಗರಾಗಿದ್ದಾಗ ಜೋಕು ಮಾಡುತ್ತಿದ್ದೆವು. ಸರ್ಕಾರಿ ಬೋರ್ಡಿನಲ್ಲಿ ಅದಕ್ಕೆ "ರಸ್ತೆ ಉಬ್ಬು" ಅಂತ ಹೆಸರು. ಆದರೆ ನಮ್ಮ ಅಪ್ಪನಿಗೂ, ಸೊಪ್ಪು ಮಾರುವವಳಿಗೂ, ಆಟೋದವನಿಗೂ ಅದು ಹಂಪೇ. ನಾನೂ ಹಾಗೇ ಕರೆಯುತ್ತೇನೆ.

*

ಹಂಪಿಗೆ ಬರುವ ಮೊದಲು ನಮ್ಮ ಈ ಪೂರ್ವದ ಕಡೆಗೆ ವೇಗ ಮತ್ತು ದಂಡ ಎರಡೂ ಹೇಗೆ ಬಂದವು ಅಂತ ನೋಡೋಣ.

ಬೆಂಗಳೂರು ಅಂದರೆ ಬಹಳ ಕಾಲ ಎರಡು ಊರು. ಆ ಕಡೆ ಕೆಂಪೇಗೌಡರ ಪೇಟೆ. ಈ ಕಡೆ 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದ ಜ್ವರದ ಕಾಟ ತಾಳಲಾರದೆ ಸೈನ್ಯವನ್ನು ತಂದು ಹಲಸೂರಿನ ಮಗ್ಗುಲಲ್ಲಿ ಕಟ್ಟಿದ ದಂಡು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದಕ್ಕೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು. ಎರಡು ಊರಿಗೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಬೇರೆ ಪೊಲೀಸು. ನಮ್ಮ ಶಿವಾಜಿನಗರ ಆಗ ಬ್ಲ್ಯಾಕ್‌ಪಲ್ಲಿ, ಎಂ.ಜಿ. ರೋಡು ಆಗ ಸೌತ್ ಪರೇಡು. ದಂಡು ಮೈಸೂರಿಗೆ ವಾಪಸ್ಸು ಬಂದದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರೇ ವಾರ ಮೊದಲು. ಎರಡು ಮುನಿಸಿಪಾಲಿಟಿ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ.

ಆ ಕಾಲದಲ್ಲಿ ವೇಗ ಅಂದರೆ ಕುದುರೆಯ ವೇಗ. ಜಟಕಾ, ಸಾರೋಟು, ಸವಾರರು, ಎತ್ತಿನ ಗಾಡಿ. ಅಡ್ಡಾದಿಡ್ಡಿ ಓಡಿಸಿದವನನ್ನು ಹಿಡಿಯಲು ಪೊಲೀಸರ ಕೈಯಲ್ಲಿದ್ದದ್ದು 1860ರ ಭಾರತೀಯ ದಂಡ ಸಂಹಿತೆಯ 279ನೇ ಕಲಮು. ಸಾರ್ವಜನಿಕ ರಸ್ತೆಯಲ್ಲಿ ಇನ್ನೊಬ್ಬರ ಪ್ರಾಣಕ್ಕೆ ಅಪಾಯವಾಗುವಂತೆ ಗಾಡಿ ಓಡಿಸಿದರೆ ಅಥವಾ ಸವಾರಿ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹತ್ತು ವರ್ಷ ಕಳೆದ ಮೇಲೆ, 1870ರಲ್ಲಿ, ನಿರ್ಲಕ್ಷ್ಯದಿಂದ ಸಾವು ತಂದವನಿಗೆ 304ಎ ಅನ್ನುವ ಕಲಮನ್ನು ಸೇರಿಸಿದರು. ಅದಕ್ಕೆ ಎರಡು ವರ್ಷ.

ಇಲ್ಲಿ ಒಂದು ತಮಾಷೆ ನೋಡಿ. ಅಂದು ಸಾವಿರ ರೂಪಾಯಿ ಅಂದರೆ ಜಟಕಾದವನು ಕನಸಿನಲ್ಲೂ ಕಾಣದ ಮೊತ್ತ. 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 279 ಹೋಗಿ 281 ಆಯಿತು. ದಂಡ ಎಷ್ಟು ಗೊತ್ತೇ? ಅದೇ ಸಾವಿರ! ನೂರ ಅರವತ್ತು ವರ್ಷದಲ್ಲಿ ಕುದುರೆ ಹೋಗಿ ಲಾರಿ ಬಂತು, ಲಾರಿ ಹೋಗಿ ನಾಲ್ಕೂವರೆ ಸೆಕೆಂಡಿಗೆ ನೂರು ಮುಟ್ಟುವ ಕಾರು ಬಂತು, ಸಾವಿರ ಮಾತ್ರ ಅಲ್ಲಾಡಲಿಲ್ಲ. ಸಾವು ತಂದವನಿಗೆ ಶಿಕ್ಷೆ ಐದು ವರ್ಷದವರೆಗೆ ಏರಿದೆ, ಅದು ನಿಜ. ಆದರೆ ಸಾವು ಆಗುವ ಮೊದಲು ಹಿಡಿದರೆ ಆ ಕಲಮಿನ ಪ್ರಕಾರ ಇನ್ನೂ ಜಟಕಾ ದರವೇ.

ಮೋಟಾರು ಬಂದ ಮೇಲೆ ಅದಕ್ಕೇ ಬೇರೆ ಕಾನೂನು ಬೇಕಾಯಿತು. ಇಂಗ್ಲೆಂಡಿನಲ್ಲಿ 1865ರಲ್ಲಿ ಉಗಿ ಗಾಡಿಗಳಿಗೆ ಊರೊಳಗೆ ಗಂಟೆಗೆ 2 ಮೈಲಿ, ಹೊರಗೆ 4 ಮೈಲಿ ಅಂತ ಮಿತಿ ಹಾಕಿ, ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು ಅಂತ ಮಾಡಿದ್ದರು. (ಸಂಜೆ ಆರು ಗಂಟೆಗೆ ಟಿನ್ ಫ್ಯಾಕ್ಟರಿ ಹತ್ತಿರ ಈ ಕಾಯಿದೆ ಇಂದಿಗೂ ಜಾರಿಯಲ್ಲಿದೆ, ಬಾವುಟ ಒಂದಿಲ್ಲ ಅಷ್ಟೇ :-)) ನಮ್ಮಲ್ಲಿ ಮೊದಲ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ, ಅದನ್ನು ವಿಸ್ತಾರ ಮಾಡಿದ್ದು 1939ರಲ್ಲಿ. ಈಗಿರುವುದು 1988ರದ್ದು, ಜಾರಿಗೆ ಬಂದದ್ದು 1989ರ ಜುಲೈ 1ರಿಂದ.

*

ಈಗ ನಮ್ಮ ಮನೆಯ ಕತೆಗೆ ಬರೋಣ.

ಅಪ್ಪ 1961ರಲ್ಲಿ ಐಟಿಐಗೆ ಸೇರಿದರು. ಅಂದರೆ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ. 1948ರಲ್ಲಿ ಶುರುವಾದ ಅದು ನಮ್ಮ ಪೂರ್ವದ ಎಷ್ಟೋ ಮನೆಗಳಿಗೆ ಅನ್ನ ಹಾಕಿದ ಜಾಗ. ಅವರಿದ್ದದ್ದು ಹಲಸೂರಿನಲ್ಲಿ, ಸೋಮೇಶ್ವರನ ಗುಡಿಯ ಹಿಂದಿನ ಬೀದಿಯಲ್ಲಿ. ಅಲ್ಲಿಂದ ಓಲ್ಡ್ ಮದ್ರಾಸ್ ರೋಡು ಹಿಡಿದು ಸುಮಾರು ಒಂಬತ್ತು ಹತ್ತು ಕಿಲೋಮೀಟರು ಸೈಕಲ್ಲು. ಶಿಫ್ಟು ಬಿಡುವ ಹೊತ್ತಿಗೆ ರಸ್ತೆಯ ತುಂಬ ಸೈಕಲ್ಲೇ ಸೈಕಲ್ಲು ಅನ್ನುತ್ತಿದ್ದರು. ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ಬಂದ ಮೇಲೆ ಅದರ ಜನವೂ ಸೇರಿಕೊಂಡರು. ಆದರೆ ಅದು ಬರೀ ಕಾರ್ಖಾನೆಯ ದಾರಿ ಅಲ್ಲ. ಆಗಿನ ರಾಷ್ಟ್ರೀಯ ಹೆದ್ದಾರಿ 4. ಮದ್ರಾಸಿನಿಂದ ರಾತ್ರಿಯೆಲ್ಲ ಓಡಿಸಿಕೊಂಡು ಬಂದ ಲಾರಿಗಳು ಬೆಳಗಿನ ಶಿಫ್ಟಿನ ಸೈಕಲ್ಲುಗಳ ನಡುವೆಯೇ ಊರೊಳಗೆ ನುಗ್ಗಬೇಕು. ನಿದ್ದೆಗಣ್ಣಿನ ಡ್ರೈವರು, ತಿಂಡಿ ಡಬ್ಬಿ ಹಿಡಿದ ಕಾರ್ಮಿಕ. ಆ ರಸ್ತೆಯಲ್ಲಿ ಅಪ್ಪ ಮೂವರು ಜೊತೆಗಾರರನ್ನು ಕಳೆದುಕೊಂಡರು.

ಪೊಲೀಸರು ಇರಲಿಲ್ಲವೇ ಅಂದರೆ ಇದ್ದರು. ಆದರೆ ಅವರ ಕಣ್ಣು ಬಿದ್ದದ್ದು ಸೈಕಲ್ಲಿನ ಮೇಲೆ. ದೀಪ ಇಲ್ಲ, ಡಬಲ್ಸ್ ಹೊಡೀತಿದ್ದೀಯ ಅಂತ ನಿಲ್ಲಿಸಿ ಚಕ್ರದ ಗಾಳಿ ಬಿಡುವುದು. ಅಪ್ಪ ಇದನ್ನು ನಗುತ್ತಲೇ ಹೇಳುತ್ತಿದ್ದರು. "ನಿಲ್ಲಿಸೋಕೆ ಆಗೋದನ್ನೇ ತಾನೇ ನಿಲ್ಲಿಸಬೇಕು, ಲಾರಿ ನಿಲ್ಲಿಸೋಕೆ ಅವನ ಕೈಯಲ್ಲೂ ಆಗ್ತಿರಲಿಲ್ಲ" ಅಂತ. ಈ ಮಾತು ನನಗೆ ಆಗ ಅರ್ಥವಾಗಲಿಲ್ಲ. ವೇಗಕ್ಕೆ ಮಿತಿ ಕಾನೂನಿನ ಪುಸ್ತಕದಲ್ಲಿತ್ತು. ಆದರೆ ವೇಗ ಅಳೆಯುವ ಉಪಕರಣ ರಸ್ತೆಯಲ್ಲಿ ನಿಂತವನ ಹತ್ತಿರ ಇರಲಿಲ್ಲ. ಅಳೆಯಲಾಗದ ಅಪರಾಧ ಬಿಟ್ಟು ಕಣ್ಣಿಗೆ ಕಾಣುವ ಅಪರಾಧ ಹಿಡಿದರು.

1984ರಲ್ಲಿ ನಾವು ಇಂದಿರಾನಗರಕ್ಕೆ ಬಂದೆವು. ಬಿನ್ನಮಂಗಲದ ಪಕ್ಕ, ಒಂದು ಅಡ್ಡರಸ್ತೆ. 1976ರಲ್ಲಿ ಹುಟ್ಟಿದ ಬಿಡಿಎ ಅಳೆದು ಗೆರೆ ಎಳೆದು ಮಾಡಿದ ಬಡಾವಣೆ. ರಸ್ತೆಗಳಿಗೆ ಹೆಸರೇ ಅಗಲದಿಂದ, ನೂರಡಿ ರಸ್ತೆ, ಎಂಬತ್ತಡಿ ರಸ್ತೆ. ಹಲಸೂರಿನ ಓಣಿಯಲ್ಲಿ ಬೆಳೆದ ನಮಗೆ ನೂರಡಿ ರಸ್ತೆ ಕಂಡು ಬಾಯಿ ಬಿಟ್ಟು ನಿಂತದ್ದು ನೆನಪಿದೆ. ಇಷ್ಟು ದೊಡ್ಡ ರಸ್ತೆ ಯಾರಿಗಪ್ಪಾ ಅಂತ. ಸಂಜೆ ಅಲ್ಲಿ ಕ್ರಿಕೆಟ್ ಆಡಬಹುದಿತ್ತು. ಹಲಸೂರಿನ ಓಣಿಗಳಲ್ಲಿ ವೇಗಕ್ಕೆ ಯಾರೂ ಮಿತಿ ಹಾಕಿರಲಿಲ್ಲ, ತಿರುವು, ದನ, ತಳ್ಳುಗಾಡಿ, ರಂಗೋಲಿ ಹಾಕುವ ಹೆಂಗಸು, ಇವೇ ಮಿತಿ. ಹೊಸ ಬಡಾವಣೆಯಲ್ಲಿ ಎಲ್ಲ ನೆಟ್ಟಗೆ, ಅಗಲ, ಖಾಲಿ. ರಸ್ತೆ ತಾನೇ "ಓಡು ಓಡು" ಅನ್ನುತ್ತಿತ್ತು. ನಮ್ಮ ಪೂರ್ವದ ಅಪಘಾತಗಳ ಚರಿತ್ರೆಯಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ ಅಂತ ನನಗೆ ಈಗ ಅನ್ನಿಸುತ್ತದೆ.

1986ರ ಡಿಸೆಂಬರಿನಲ್ಲಿ ಒಂದು ಸಂಜೆ ಅಪ್ಪ ಹಾಲು ತರಲು ಹೋದರು. ನಮ್ಮ ಕ್ರಾಸಿನ ಬಾಯಲ್ಲೇ ಒಂದು ಟೆಂಪೋ ಗುದ್ದಿತು. ನಿಲ್ಲಿಸಲೂ ಇಲ್ಲ. ಇಪ್ಪತ್ತೈದು ವರ್ಷ ಹೆದ್ದಾರಿಯಲ್ಲಿ ಸೈಕಲ್ ಹೊಡೆದು ಏನೂ ಆಗದವರಿಗೆ ಮನೆಯಿಂದ ಐವತ್ತು ಹೆಜ್ಜೆಯಲ್ಲಿ ತೊಡೆಯ ಮೂಳೆ ಮುರಿಯಿತು. ಐದು ತಿಂಗಳು ಹಾಸಿಗೆ. ಆಮೇಲೂ ಕುಂಟು ಹೋಗಲಿಲ್ಲ.

ಬೀದಿಯ ಹನ್ನೆರಡು ಮನೆಯವರು ಸೇರಿ ಅರ್ಜಿ ಬರೆದರು. ಎರಡು ಸಲ ಬರೆದರು. ಉತ್ತರ ಬರಲಿಲ್ಲ. 1987ರ ಬೇಸಿಗೆಯಲ್ಲಿ ಒಂದು ರಾತ್ರಿ ಎದುರು ಮನೆ ಕಟ್ಟಲು ತಂದಿದ್ದ ಜಲ್ಲಿ, ಸಿಮೆಂಟು, ಎಲ್ಲಿಂದಲೋ ತಂದ ಒಂದು ಡಬ್ಬ ಡಾಂಬರು, ಇವಿಷ್ಟರಲ್ಲಿ ತಾವೇ ಒಂದು ಹಂಪು ಹಾಕಿದರು. ಅಪ್ಪ ಕುರ್ಚಿ ಹಾಕಿಕೊಂಡು ಕೂತು ಮೇಸ್ತ್ರಿಗಿರಿ ಮಾಡಿದರು. ನಾನು ಟಾರ್ಚ್ ಹಿಡಿದಿದ್ದೆ. ನನಗೆ ಹದಿನೈದು ವರ್ಷ, ಜೀವನದಲ್ಲಿ ಅಷ್ಟು ಖುಷಿಯಾದ ರಾತ್ರಿ ಅದಕ್ಕೆ ಮೊದಲು ಇರಲಿಲ್ಲ. ಬೆಳಿಗ್ಗೆ ಮೊದಲ ಟೆಂಪೋ ಬಂತು, ಹಂಪು ಕಂಡು ಗಕ್ಕನೆ ಬ್ರೇಕ್ ಹಾಕಿತು. ಇಡೀ ಬೀದಿ ಗೇಟಿನಲ್ಲಿ ನಿಂತು ನೋಡಿತು.

ಇದು ಅಪರಾಧ ಅಂತ ಯಾರಿಗೂ ಅನ್ನಿಸಲಿಲ್ಲ. ಕಾನೂನಿನಲ್ಲಿ ಅಪರಾಧವೇ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಅಂದು 283ನೇ ಕಲಮು, 200 ರೂಪಾಯಿವರೆಗೆ ದಂಡ. ಈಗ ಹೊಸ ಸಂಹಿತೆಯಲ್ಲಿ ಅದು 285, ದಂಡ 5,000ದವರೆಗೆ. ಅಂದರೆ ದಾರಿಗೆ ಅಡ್ಡ ಹಾಕಿದವನ ದಂಡ ಇಪ್ಪತ್ತೈದು ಪಟ್ಟು ಏರಿದೆ, ದಾರಿಯಲ್ಲಿ ಜೀವಕ್ಕೆ ಅಪಾಯವಾಗುವಂತೆ ಓಡಿಸಿದವನ ದಂಡ 1860ರಲ್ಲೇ ನಿಂತಿದೆ. (ಅವನಿಗೆ ಜೈಲೂ ಇದೆ, ಇವನಿಗಿಲ್ಲ, ಆ ಮಾತು ಹೇಳದಿದ್ದರೆ ತಪ್ಪಾಗುತ್ತದೆ.)

*

ನಾವು ಆ ರಾತ್ರಿ ಹಾಕಿದ್ದು ಎಂಥ ಹಂಪು ಅಂತ ತಿಳಿಯಬೇಕಾದರೆ ಹಂಪಿನ ವಿಜ್ಞಾನ ಸ್ವಲ್ಪ ನೋಡಬೇಕು. ನನಗೆ ಇದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಹಂಪಿನ ಬಗ್ಗೆ ತಲೆ ಕೆಡಿಸಿಕೊಂಡವರು ಸಾಮಾನ್ಯರಲ್ಲ. ಆರ್ಥರ್ ಕಾಂಪ್ಟನ್ ಅಂತ ಅಮೆರಿಕದ ಭೌತವಿಜ್ಞಾನಿ. ನಮ್ಮ ರಾಮನ್ ಅವರಿಗೆ 1930ರಲ್ಲಿ ಸಿಕ್ಕ ನೊಬೆಲ್ಲು ಅವರಿಗೆ 1927ರಲ್ಲಿ ಸಿಕ್ಕಿತ್ತು. ಅವರು ಸೇಂಟ್ ಲೂಯಿಸ್‌ನ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದಾಗ ಕ್ಯಾಂಪಸ್ಸಿನಲ್ಲಿ ಕಾರುಗಳು ಜೋರಾಗಿ ಓಡುತ್ತವೆ ಅಂತ 1953ರಲ್ಲಿ ತಾವೇ ಲೆಕ್ಕ ಹಾಕಿ ರಸ್ತೆಗೆ ಉಬ್ಬು ವಿನ್ಯಾಸ ಮಾಡಿದರು. ಆಮೇಲೆ 1970ರ ದಶಕದಲ್ಲಿ ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ವಾಟ್ಸ್ ಅನ್ನುವವರು ಬಗೆಬಗೆಯ ಹಂಪು ಹಾಕಿ, ಬಗೆಬಗೆಯ ಗಾಡಿ ಓಡಿಸಿ ನೋಡಿದರು. ಅವರು ಕಂಡುಕೊಂಡ ಅಳತೆ ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ, ಅಂದರೆ ನಮ್ಮ ಬೀದಿಯ ಹಂಪು ಹುಟ್ಟಿದ ಮರುವರ್ಷ, ಹೊರತಂದ ಮಾರ್ಗಸೂಚಿಯಲ್ಲೂ ಅದೇ ಲೆಕ್ಕ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲ್ಮೈ 17 ಮೀಟರ್ ತ್ರಿಜ್ಯದ ಬಿಲ್ಲಿನಂತೆ ಬಾಗಿರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಿದರೆ ಆರಾಮ, ಅದಕ್ಕಿಂತ ಜೋರಾದರೆ ಕುಲುಕಾಟ. 40 ಮೀಟರ್ ಮುಂಚೆ ಎಚ್ಚರಿಕೆ ಫಲಕ ಇರಬೇಕು, ಹಂಪಿಗೆ ಬಿಳಿ ಪಟ್ಟೆ ಬಳಿದಿರಬೇಕು. ದೊಡ್ಡ ರಸ್ತೆಗಲ್ಲ, ಚಿಕ್ಕ ರಸ್ತೆಗೆ ಮಾತ್ರ.

ಅಗಲ ಯಾಕೆ ಬೇಕು ಅಂದರೆ, ಅಗಲವಾದ ಹಂಪಿನ ಮೇಲೆ ಇಡೀ ಗಾಡಿ ಹತ್ತಿ ಇಳಿಯುತ್ತದೆ, ವೇಗ ಹೆಚ್ಚಿದಷ್ಟೂ ಒಳಗಿನವನಿಗೆ ಕಷ್ಟ. ಕಿರಿದಾದ ದಿಂಡಿನ ಮೇಲೆ ಜೋರಾಗಿ ಹೋದರೆ ಕಾರಿನ ಸ್ಪ್ರಿಂಗೇ ಏಟನ್ನು ನುಂಗಿಬಿಡುತ್ತದೆ, ಒಳಗಿನವನಿಗೆ ಅಷ್ಟು ಗೊತ್ತೇ ಆಗುವುದಿಲ್ಲ. ಪೆಟ್ಟು ತಿನ್ನುವುದು ಸಣ್ಣ ಚಕ್ರದ ಸ್ಕೂಟರು, ಸೈಕಲ್ಲು. ಅಂದರೆ ಕೆಟ್ಟ ಹಂಪು ಯಾರನ್ನು ತಡೆಯಬೇಕೋ ಅವರನ್ನು ಬಿಟ್ಟು ಪಾಪದವರನ್ನು ಕೆಡವುತ್ತದೆ.

ನಮ್ಮದು ಒಂದೂವರೆ ಅಡಿ ಅಗಲ, ಮುಕ್ಕಾಲು ಅಡಿ ಎತ್ತರ. ಫಲಕ ಇಲ್ಲ, ಬಣ್ಣ ಇಲ್ಲ. ಪೇಪರಿನವರು "ಅವೈಜ್ಞಾನಿಕ ಹಂಪ್" ಅಂತ ಬರೆಯುತ್ತಾರಲ್ಲ, ಅದೇ.

1989ರ ಮಳೆಗಾಲದಲ್ಲಿ ಒಂದು ರಾತ್ರಿ ಕರೆಂಟ್ ಹೋಗಿತ್ತು. ಒಂಬತ್ತು ಗಂಟೆ ಇರಬಹುದು. ದಡ್ ಅಂತ ಸದ್ದು, ಆಮೇಲೆ ಒಂದು ಕೂಗು. ಹೊರಗೆ ಓಡಿದೆವು. ಸ್ಕೂಟರು ಒಂದು ಕಡೆ ಬಿದ್ದಿತ್ತು. ಗಂಡ ಎದ್ದು ನಿಂತಿದ್ದ. ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದ ಹೆಂಡತಿ ರಸ್ತೆಯಲ್ಲಿ. ಸೀರೆಯೆಲ್ಲ ಕೆಸರು, ತಲೆಯಿಂದ ರಕ್ತ. ಅವರು ಜೋರಾಗಿ ಏನೂ ಬರುತ್ತಿರಲಿಲ್ಲ. ಊರಿಗೆ ಹೊಸಬರು, ಅಲ್ಲಿ ಹಂಪು ಇದೆ ಅಂತಲೇ ಗೊತ್ತಿರಲಿಲ್ಲ. ಆಟೋದವನು ಪೊಲೀಸ್ ಕೇಸಾಗುತ್ತೆ ಅಂತ ಹಿಂದೆಮುಂದೆ ನೋಡಿದ. ಅಪ್ಪ ತಾವೇ ಹತ್ತಿ ಕೂತ ಮೇಲೆ ಹೊರಟ. (ಹೀಗೆ ಸಹಾಯ ಮಾಡಿದವನನ್ನು ಸತಾಯಿಸಬಾರದು ಅಂತ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2016ರ ಕಾಯಿದೆ, ರಾಷ್ಟ್ರಪತಿಗಳ ಒಪ್ಪಿಗೆ 2018ರಲ್ಲಿ. ಆ ರಾತ್ರಿಗೆ ಮಾತ್ರ ಅದು ಬಹಳ ತಡ.)

ಆಕೆ ಉಳಿದರು. ಆದರೆ ಬಲಗೈ ಬೆರಳುಗಳು ಆಮೇಲೆ ಪೂರ್ತಿ ಮಡಚಲಿಲ್ಲ. ಟೈಪಿಸ್ಟ್ ಕೆಲಸದಲ್ಲಿದ್ದರಂತೆ. ಅಪ್ಪ ಆಸ್ಪತ್ರೆಗೆ ನಾಲ್ಕು ಸಲ ಹೋಗಿ ಬಂದರು. ಮೂರನೇ ಸಲ ಆಕೆಯ ಗಂಡನಿಗೆ, "ಆ ಹಂಪು ಹಾಕಿದವರಲ್ಲಿ ನಾನೂ ಒಬ್ಬ" ಅಂತ ಹೇಳಿದರಂತೆ. ಆತ ಏನಂದ ಅಂತ ನಾವು ಕೇಳಿದೆವು. "ಏನೂ ಅನ್ನಲಿಲ್ಲ" ಅಂದರು. ಅಷ್ಟೇ.

ಬೀದಿಯವರು ಹಂಪು ಒಡೆದುಬಿಡೋಣ ಅಂದರು. ಇನ್ನು ಕೆಲವರು ಬೇಡ, ಮಕ್ಕಳಿದ್ದಾರೆ ಅಂದರು. ಕೊನೆಗೆ ಅಪ್ಪ ಸುತ್ತಿಗೆ ಹಿಡಿದು ಅದರ ತಲೆಯನ್ನು ಒಂದಿಷ್ಟು ತಗ್ಗಿಸಿದರು, ಎರಡೂ ಕಡೆ ಜಲ್ಲಿ ಹಾಕಿ ಇಳಿಜಾರು ಮಾಡಿದರು. ಅಂದಿನಿಂದ ತಿಂಗಳಿಗೊಂದು ಸಲ ಸುಣ್ಣ. ಅಮಾವಾಸ್ಯೆಗೆ ಮುಂಚೆ ಬಳಿಯುತ್ತಿದ್ದರು, ಕತ್ತಲ ರಾತ್ರಿಗೆ ಕಾಣಲಿ ಅಂತ. ಮಳೆ ಬಂದರೆ ಮತ್ತೆ. ಆಯುಧ ಪೂಜೆಯ ದಿನ ಮಕ್ಕಳು ಅದಕ್ಕೂ ಕುಂಕುಮ ಇಟ್ಟು ಬೂದುಗುಂಬಳ ಒಡೆಯುತ್ತಿದ್ದರು. ನೋಡಿದವರು ನಗುತ್ತಿದ್ದರು. ಅಪ್ಪ ಕುಂಟಿಕೊಂಡು ಬಕೆಟ್ಟು ಹಿಡಿದು ಹೋಗುವುದು ನಮ್ಮ ಬೀದಿಯಲ್ಲಿ ಪಂಚಾಂಗದಷ್ಟೇ ಖಾತ್ರಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದರು. ಆ ಹಂಪಿನ ಮೇಲೆ ಮತ್ತೊಬ್ಬರು ಬೀಳಲಿಲ್ಲ.

2011ರಲ್ಲಿ ಅಪ್ಪ ಹೋದರು. ಅದೇ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ಮೆಟ್ರೋ ಓಡಿತು. ಸುಣ್ಣ ಬಳಿಯುವುದು ನನ್ನ ಪಾಲಿಗೆ ಬಂತು. ನಾನು ಎರಡು ತಿಂಗಳು ಬಳಿದೆ. ಆಮೇಲೆ ಬಿಟ್ಟೆ. ಆಫೀಸು, ಟ್ರಾಫಿಕ್ಕು, ಬೆನ್ನು ನೋವು, ಕಾರಣ ಬೇಕಾದಷ್ಟು. ಒಂದೆರಡು ವರ್ಷದಲ್ಲಿ ರಸ್ತೆಗೆ ಹೊಸ ಡಾಂಬರು ಬಿತ್ತು, ಹಂಪು ಅದರೊಳಗೆ ಮುಚ್ಚಿಹೋಯಿತು. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಗುರ ಅನ್ನಿಸಿತ್ತು.

*

ಈ ನಡುವೆ ಊರಿನಲ್ಲಿ ವೇಗ ಅಳೆಯುವ ಯಂತ್ರಗಳು ಬಂದವು. ಗುರಿಯಿಟ್ಟರೆ ವೇಗ ಹೇಳುವ ಗನ್ನು, ಅದನ್ನು ಹೊತ್ತ ಇಂಟರ್‌ಸೆಪ್ಟರ್ ಜೀಪು, ಮನೆಗೇ ಬರುವ ನೋಟೀಸು. ರಸ್ತೆ ಬದಿಯ ವೇಗದ ಕ್ಯಾಮೆರಾದ ಹಿಂದೆಯೂ ಒಂದು ತಮಾಷೆಯ ಕತೆ ಇದೆ. ಅದನ್ನು ಮಾಡಿದವನು ಗಾಟ್ಸೋನಿಡೆಸ್ ಅಂತ ಒಬ್ಬ ಡಚ್ ರ್‍ಯಾಲಿ ಚಾಲಕ, 1953ರ ಮಾಂಟೆಕಾರ್ಲೋ ರ್‍ಯಾಲಿ ಗೆದ್ದವನು. ತಿರುವಿನಲ್ಲಿ ತಾನು ಇನ್ನೂ ಎಷ್ಟು ಜೋರಾಗಿ ಹೋಗಬಹುದು ಅಂತ ಅಳೆಯಲು ಮಾಡಿಕೊಂಡ ಯಂತ್ರ ಅದು!

2015ರಲ್ಲಿ ಜನಾಗ್ರಹದವರು ಟ್ರಾಫಿಕ್ ಪೊಲೀಸರ ಜೊತೆ ಸೇರಿ ಪಬ್ಲಿಕ್ ಐ ಅನ್ನುವ ಆ್ಯಪ್ ತಂದರು, ಜನರೇ ಫೋಟೋ ತೆಗೆದು ಕಳಿಸಬಹುದು. 2019ರಲ್ಲಿ ಕೆಲವು ಜಂಕ್ಷನ್ನುಗಳಲ್ಲಿ ಬಟ್ಟೆ ಅಂಗಡಿಯ ಗೊಂಬೆಗಳಿಗೆ ಪೊಲೀಸ್ ಡ್ರೆಸ್ಸು ಹಾಕಿ ನಿಲ್ಲಿಸಿದ್ದೂ ಉಂಟು. ನಾನೇ ಒಮ್ಮೆ ಗೊಂಬೆಗೆ ಹೆದರಿ ಬ್ರೇಕ್ ಹಾಕಿದ್ದೇನೆ. ಅದೇ ವರ್ಷ ಕಾಯಿದೆ ತಿದ್ದುಪಡಿಯಾಗಿ, ಮೊದಲ ಸಲದ ಅತಿವೇಗಕ್ಕೆ 400 ಇದ್ದ ದಂಡ ಕಾರಿಗೆ ಸಾವಿರದಿಂದ ಎರಡು ಸಾವಿರವಾಯಿತು. 2022ರ ಡಿಸೆಂಬರಿನಲ್ಲಿ 50 ಜಂಕ್ಷನ್ನುಗಳಲ್ಲಿ ನಂಬರ್ ಪ್ಲೇಟು ಓದುವ 250 ಕ್ಯಾಮೆರಾ, ಸಿಗ್ನಲ್ ಹಾರುವವರನ್ನು ಹಿಡಿಯುವ 80 ಕ್ಯಾಮೆರಾ ಬಂದವು. ಮುಂದಿನ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. ಜನ ಕ್ಯೂ ನಿಂತು 120 ಕೋಟಿಗೂ ಹೆಚ್ಚು ಕಟ್ಟಿದರು. 2025ರ ಆಗಸ್ಟಿನಲ್ಲಿ ಮತ್ತೆ ಅರ್ಧ ಬೆಲೆ. ಚಿಕ್ಕಪೇಟೆಯಲ್ಲಿ ಆಷಾಢ ಸೇಲ್ ಇದ್ದ ಹಾಗೆ. ದಂಡ ಅನ್ನುವುದು ತಪ್ಪಿನ ನೆನಪಾಗಿ ಉಳಿಯದೆ ಕಾದು ನೋಡಿ ಕಟ್ಟುವ ಬಿಲ್ಲಾಯಿತು.

ಕ್ಯಾಮೆರಾ ಕೆಲಸಕ್ಕೆ ಬಾರದು ಅಂತಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕು ಆಟೋಗಳನ್ನು ನಿಲ್ಲಿಸಿ, ಕ್ಯಾಮೆರಾ ಹಾಕಿ, ವೇಗದ ಮೇಲೆ ಬಿಗಿ ಮಾಡಿದ ಮೇಲೆ 2024ರಲ್ಲಿ ಸಾವುಗಳು ಹಿಂದಿನ ವರ್ಷದ ಅರ್ಧಕ್ಕಿಂತಲೂ ಕಡಿಮೆಯಾದವು. ಬಿಡದೆ ಹಿಡಿದರೆ ಫಲ ಇದೆ. ಆದರೆ ಬೆಂಗಳೂರು ನಗರದಲ್ಲಿ 2007ರಲ್ಲಿ 900 ಮೀರಿದ್ದ ರಸ್ತೆ ಸಾವುಗಳು ನಡುವೆ ಸಾಕಷ್ಟು ಇಳಿದು, 2023ರಲ್ಲಿ ಮತ್ತೆ 900 ದಾಟಿದವು. ಕ್ಯಾಮೆರಾ ಇರುವುದು ದೊಡ್ಡ ಜಂಕ್ಷನ್ನಿನಲ್ಲಿ. ನಮ್ಮ ಕ್ರಾಸಿಗೆ ಅದು ಬರುವುದಿಲ್ಲ. ಇಲ್ಲಿಗೆ ಹಂಪೇ ಪೊಲೀಸು. ಸಂಬಳ ಇಲ್ಲದ, ರಜೆ ಇಲ್ಲದ, ಲಂಚ ಮುಟ್ಟದ ಪೊಲೀಸು.

ಗಾಡಿಯ ಏಟಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದೇವೆ. 30ರಲ್ಲಿ ಬಂದ ಕಾರಿಗಿಂತ 50ರಲ್ಲಿ ಬಂದ ಅದೇ ಕಾರಿನ ಏಟು ಹೆಚ್ಚು ಕಮ್ಮಿ ಮೂರು ಪಟ್ಟು. 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ದೇಶಗಳು ನಡೆಯುವವರೂ ಗಾಡಿಗಳೂ ಬೆರೆಯುವ ಬೀದಿಯಲ್ಲಿ 30 ಸಾಕು ಅಂತ ಒಪ್ಪಿಕೊಂಡವು. ಮೂಲೆ ಮನೆ ಹುಡುಗನ ಮೊಣಕೈಗೂ ಇನ್ನೂ ದೊಡ್ಡದಕ್ಕೂ ನಡುವೆ ಇರುವ ಅಂತರ ಇಷ್ಟೇ, ಆ ಇಪ್ಪತ್ತು.

*

ಇಷ್ಟೆಲ್ಲ ಯೋಚಿಸುತ್ತಾ ಸಂಜೆಯಾಯಿತು. ನನಗೆ ತೋಚಿದ್ದು ಇಷ್ಟು. 1860ರ ಕಲಮು, 1988ರ ಕಾಯಿದೆ, ನಮ್ಮ ಹಂಪು, ಈಗಿನ ಕ್ಯಾಮೆರಾ, ಎಲ್ಲದರ ಕತೆಯೂ ಒಂದೇ. ಹಾಕುವುದು ಸುಲಭ, ಒಂದು ರಾತ್ರಿಯ ಕೆಲಸ. ಹಾಕಿದ ಮೇಲೆ ನೋಡಿಕೊಳ್ಳುವವರು ಬೇಕು. ದಂಡ ಹಾಕಿ ಮರೆತರೆ ಅದು ಸಾವಿರಕ್ಕೇ ನಿಲ್ಲುತ್ತದೆ. ಕ್ಯಾಮೆರಾ ಹಾಕಿ ಮರೆತರೆ ಸೇಲ್ ಬರುತ್ತದೆ. ಹಂಪು ಹಾಕಿ ಮರೆತರೆ ಯಾರೋ ಹೊಸಬರು ಬೀಳುತ್ತಾರೆ. ನಮ್ಮ ಬೀದಿಯನ್ನು ಇಪ್ಪತ್ತು ವರ್ಷ ಕಾದದ್ದು ಹಂಪು ಒಂದೇ ಅಲ್ಲ, ಆ ಸುಣ್ಣದ ಬಕೆಟ್ಟು.

ಏಳು ಗಂಟೆಗೆ ಅವರು ಮತ್ತೆ ಬಂದರು. ಹಾಳೆಯ ಕೆಳಗೆ ನಾನು ಮೂರು ಸಾಲು ಸೇರಿಸಿದ್ದೆ. ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರಕ್ಕೆ ಮೀರಬಾರದು. 40 ಮೀಟರ್ ಮುಂಚೆ ಎರಡೂ ಕಡೆ ಫಲಕ ಬೇಕು. ಬಿಳಿ ಪಟ್ಟೆ ಇಲ್ಲದೆ ಒಂದು ರಾತ್ರಿಯೂ ಬಿಡಬಾರದು. ಓದಿದ ಹುಡುಗನೊಬ್ಬ, "ಅಂಕಲ್, ಪೇಂಟು ಅವರು ಒಂದ್ಸಲ ಹೊಡೀತಾರೆ, ಆಮೇಲೆ ಮಾಸಿ ಹೋದರೆ ಯಾರು ನೋಡ್ತಾರೆ?" ಅಂದ.

"ನಾನು" ಅಂದೆ. ಅಂದಮೇಲೆ ಸಹಿ ಹಾಕಿದೆ. ಹತ್ತೊಂಬತ್ತನೆಯದು.

ಅಟ್ಟದ ಮೇಲೆ ಅಪ್ಪನ ಬಕೆಟ್ಟು ಇನ್ನೂ ಇದೆ. ಕೆಳಗಿಳಿಸಿ ನೋಡಿದೆ, ತಳ ತುಕ್ಕು ಹಿಡಿದು ತೂತಾಗಿದೆ. ಹೊಸದು ತರಬೇಕು. ಮನೆಯವಳು, "ನಿಮ್ಮ ಬೆನ್ನು ನೋವು?" ಅಂತ ಕೇಳಿದಳು. ಅಪ್ಪನಿಗೆ ಕಾಲೇ ಸರಿ ಇರಲಿಲ್ಲ ಅಂತ ನೆನಪಾಗಿ ಸುಮ್ಮನಾದೆ.

ನಿಮ್ಮ ಬೀದಿಯಲ್ಲೂ ಒಂದು ಹಂಪು ಇದ್ದೇ ಇರುತ್ತದೆ. ಅದನ್ನು ಯಾರು ಹಾಕಿಸಿದರು, ಯಾಕೆ ಹಾಕಿಸಿದರು ಅಂತ ಪಕ್ಕದ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಅದರ ಅಡಿಯಲ್ಲಿ ಯಾರದೋ ಹೆಸರು ಇರುತ್ತದೆ ಅನ್ನುವುದು ನನ್ನ ನಂಬಿಕೆ. ಇವತ್ತು ರಾತ್ರಿ ಮನೆಗೆ ಹೋಗುವಾಗ ಅದರ ಮೇಲೆ ಬಿಳಿ ಪಟ್ಟೆ ಕಾಣುತ್ತದೆಯೇ ಅಂತಲೂ ನೋಡಿ. ಕಾಣದಿದ್ದರೆ, ಒಂದು ಕೆಜಿ ಸುಣ್ಣಕ್ಕೆ ಹೆಚ್ಚೇನೂ ಆಗುವುದಿಲ್ಲ.